ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಪುಟ್ಟ ಸೇತುವೆ: ಬೇರೆ ಬೇರೆ ವೋಲ್ಟೇಜಿನ ಚಿಪ್‌ಗಳು ಮಾತನಾಡಿಕೊಳ್ಳುವುದು ಹೇಗೆ?

ರಾತ್ರಿ ಹನ್ನೊಂದಕ್ಕೆ ತ್ರೀಫೇಸ್ ಕರೆಂಟ್ ಬಂದರೆ, ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಮೋಟರ್ ಶುರು ಮಾಡುವುದು ಹೊಸದುರ್ಗ ತಾಲೂಕಿನ ತೆಂಗು, ಅಡಿಕೆ, ದಾಳಿಂಬೆ ಬೆಳೆಗಾರರಿಗೆ ಹೊಸದಲ್ಲ. ದಾರಿಯಲ್ಲಿ ಹಾವಿನ ಭಯ, ಗುಡ್ಡದ ಅಂಚಿನ ಊರುಗಳಲ್ಲಿ ಕರಡಿ, ಚಿರತೆಗಳ ಭಯ. ಈ ಓಡಾಟವನ್ನು ತಪ್ಪಿಸಿದ್ದು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್. ಮನೆಯಿಂದಲೇ ಒಂದು ಕರೆ ಮಾಡಿದರೆ ಸಾಕು, ಕರೆಂಟ್ ಇದೆಯೋ ಇಲ್ಲವೋ ಎಂದು ಅದೇ ಹೇಳುತ್ತದೆ, ಮೋಟರನ್ನೂ ಶುರು ಮಾಡುತ್ತದೆ.

ಆದರೆ ಕೆಲವೊಮ್ಮೆ ಈ ಪೆಟ್ಟಿಗೆ ಮಾತು ಕೇಳುವುದಿಲ್ಲ. ಸಿಮ್‌ನಲ್ಲಿ ಕರೆನ್ಸಿ ಇದೆ, ಟವರ್ ಕಾಣುತ್ತಿದೆ, ಕರೆ ಹೋಗುತ್ತದೆ. ಮೋಟರ್ ಮಾತ್ರ ಅಲುಗಾಡುವುದಿಲ್ಲ. ಅಂಗಡಿಗೆ ತಂದು ಮೇಜಿನ ಮೇಲಿಟ್ಟರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ! ಇದಕ್ಕೆ ಕಾರಣಗಳು ಹಲವು ಇರಬಹುದು. ಅವುಗಳಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಕಾರಣವೆಂದರೆ, ಪೆಟ್ಟಿಗೆಯೊಳಗಿನ ಎರಡು ಚಿಪ್‌ಗಳ ನಡುವಿನ ವೋಲ್ಟೇಜ್ ಹೊಂದಾಣಿಕೆ. ಎಲೆಕ್ಟ್ರಾನಿಕ್ಸ್‌ನವರು ಇದನ್ನು ಲೆವೆಲ್ ಶಿಫ್ಟಿಂಗ್ ಎನ್ನುತ್ತಾರೆ. ಸ್ಟಾರ್ಟರಿನಿಂದ ಹಿಡಿದು ನಿಮ್ಮ ಕೈಯಲ್ಲಿರುವ ಫೋನಿನವರೆಗೆ ಎಲ್ಲ ಕಡೆ ಇರುವ ಈ ಪುಟ್ಟ ಏರ್ಪಾಡಿನ ಬಗ್ಗೆ ತಿಳಿದುಕೊಳ್ಳೋಣ.

ಒಂದೇ ಪೆಟ್ಟಿಗೆ, ಹಲವು ವೋಲ್ಟೇಜ್

ಮೊಬೈಲ್ ಸ್ಟಾರ್ಟರಿನ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ. ಮೋಟರಿಗೆ 415 ವೋಲ್ಟ್ ತ್ರೀಫೇಸ್ ಕರೆಂಟನ್ನು ಕೊಡುವ, ನಿಲ್ಲಿಸುವ ಸ್ವಿಚ್ಚು ಮೊದಲನೆಯದು. ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಮೈಕ್ರೊಕಂಟ್ರೋಲರ್ ಎರಡನೆಯದು. ಮೊಬೈಲ್ ಜಾಲದೊಂದಿಗೆ ಮಾತನಾಡುವ ಮೋಡೆಮ್ ಮೂರನೆಯದು. ಸಿಮ್ ಕೂರುವುದು ಇಲ್ಲಿ. ನೀವು ಮಾಡಿದ ಕರೆ ಮೋಡೆಮ್‌ಗೆ ಬರುತ್ತದೆ. ಅದು ಆ ವಿಷಯವನ್ನು ಮೈಕ್ರೊಕಂಟ್ರೋಲರಿಗೆ ಒಂದು ತಂತಿಯ ಮೂಲಕ ಒಂದಾದ ಮೇಲೊಂದು ಬಿಟ್‌ನಂತೆ ಕಳುಹಿಸುತ್ತದೆ. ಉತ್ತರ ಇನ್ನೊಂದು ತಂತಿಯಲ್ಲಿ ಹಿಂದಿರುಗುತ್ತದೆ. ಹೀಗೆ ಸಾಲಾಗಿ ಬಿಟ್‌ಗಳನ್ನು ಕಳುಹಿಸುವುದೇ ಸೀರಿಯಲ್ ಸಂವಹನ.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಇಂಥ ಸ್ಟಾರ್ಟರ್ ಕಟ್ಟಲು ಸಾಮಾನ್ಯವಾಗಿ ಬಳಸುವ ಜೋಡಿ ಆರ್ಡುಯಿನೊ ಊನೊ ಮತ್ತು ಸಿಮ್800 ಮೋಡೆಮ್. ಆರ್ಡುಯಿನೊದಲ್ಲಿರುವ ಎಟಿಮೆಗಾ328 ಚಿಪ್ 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಸಿಮ್800ರ ಸೀರಿಯಲ್ ಪಿನ್‌ಗಳದ್ದು 2.8 ವೋಲ್ಟ್. ಹೊಸ 4ಜಿ ಮೋಡೆಮ್‌ಗಳಲ್ಲಿ ಹಲವದರ ಪಿನ್‌ಗಳು 1.8 ವೋಲ್ಟ್‌ನವು. ಇನ್ನು ಸಿಮ್ ಕಾರ್ಡಿಗೇ 5, 3 ಮತ್ತು 1.8 ವೋಲ್ಟ್ ಎಂಬ ಮೂರು ವರ್ಗಗಳಿವೆ.

ಎಲ್ಲರೂ ಒಂದೇ ವೋಲ್ಟೇಜ್ ಬಳಸಬಹುದಿತ್ತಲ್ಲ? ಮೊದಮೊದಲು ಹಾಗೆಯೇ ಇತ್ತು. 1960ರ ದಶಕದಲ್ಲಿ ಬಂದ ಟಿಟಿಎಲ್ ಚಿಪ್‌ಗಳು 5 ವೋಲ್ಟನ್ನು ರೂಢಿಗೆ ತಂದವು, ಹಲವು ದಶಕ ಅದೇ ನಡೆಯಿತು. ಆದರೆ ಚಿಪ್‌ನೊಳಗಿನ ಟ್ರಾನ್ಸಿಸ್ಟರುಗಳು ಚಿಕ್ಕದಾದಂತೆ ಅವುಗಳೊಳಗಿನ ನಿರೋಧಕ ಪದರವೂ ತೆಳುವಾಯಿತು. ಅಷ್ಟು ತೆಳುವಾದ ಪದರ 5 ವೋಲ್ಟನ್ನು ತಾಳುವುದಿಲ್ಲ. ಇನ್ನೊಂದು ಕಾರಣ ವಿದ್ಯುತ್ತಿನ ಖರ್ಚು. ಚಿಪ್‌ನೊಳಗೆ ಸೊನ್ನೆ ಒಂದಾಗುವಾಗ, ಒಂದು ಸೊನ್ನೆಯಾಗುವಾಗ ಆಗುವ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇರುತ್ತದೆ. 5 ವೋಲ್ಟನ್ನು 3.3ಕ್ಕೆ ಇಳಿಸಿದರೆ ಈ ಖರ್ಚು ಅರ್ಧಕ್ಕಿಂತ ಕಡಿಮೆ, 1.8ಕ್ಕೆ ಇಳಿಸಿದರೆ ಸುಮಾರು ಎಂಟನೇ ಒಂದು ಭಾಗ! ಫೋನಿನ ಬ್ಯಾಟರಿ ದಿನವಿಡೀ ಬರುವುದರ ಹಿಂದೆ ಈ ಉಳಿತಾಯದ ಪಾಲು ದೊಡ್ಡದು.

ಹೀಗಾಗಿ ಹೊಸ ಚಿಪ್‌ಗಳು ಕೆಳಗಿಳಿಯುತ್ತಲೇ ಹೋದವು. ಹಳೆಯ ಚಿಪ್‌ಗಳು, ಸೆನ್ಸರುಗಳು, ರಿಲೇಗಳು ಇದ್ದಲ್ಲೇ ಉಳಿದವು. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದಾಗ ನಡುವೆ ಒಂದು ಸೇತುವೆ ಬೇಕಾಯಿತು.

‘ಒಂದು’ ಎಂದರೆ ಎಷ್ಟು ವೋಲ್ಟ್?

ಡಿಜಿಟಲ್ ಲೋಕದಲ್ಲಿ ಇರುವುದು ಸೊನ್ನೆ ಮತ್ತು ಒಂದು ಮಾತ್ರ ಎಂದು ನಾವು ಓದಿದ್ದೇವೆ. ತಂತಿಗೆ ಆ ವಿಷಯ ಗೊತ್ತಿಲ್ಲ. ಅದರಲ್ಲಿರುವುದು ವೋಲ್ಟೇಜ್ ಮಾತ್ರ. ಎಷ್ಟು ವೋಲ್ಟ್‌ಗಿಂತ ಮೇಲಿದ್ದರೆ ಒಂದು, ಎಷ್ಟಕ್ಕಿಂತ ಕೆಳಗಿದ್ದರೆ ಸೊನ್ನೆ ಎಂದು ಪ್ರತಿಯೊಂದು ಚಿಪ್ಪೂ ತನ್ನದೇ ಗೆರೆ ಹಾಕಿಕೊಂಡಿರುತ್ತದೆ.

ಇದನ್ನು ನಮ್ಮ ವಾಣಿ ವಿಲಾಸ ಸಾಗರದ ಕೋಡಿಗೆ ಹೋಲಿಸಬಹುದು. ಜಲಾಶಯದ ಮಟ್ಟ 130 ಅಡಿ ದಾಟಿದರೆ ಮಾತ್ರ ಕೋಡಿ ಹರಿಯುತ್ತದೆ. 1933ರ ನಂತರ ಮತ್ತೆ ಅದು ಹರಿದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ನೀರು ಎಷ್ಟೇ ಇದ್ದರೂ ಗೆರೆ ಮುಟ್ಟದಿದ್ದರಿಂದ ಕೋಡಿಯ ಮಟ್ಟಿಗೆ ಅದು ಲೆಕ್ಕಕ್ಕಿರಲಿಲ್ಲ. ಬೇರೊಂದು ಸಣ್ಣ ಕೆರೆಗೆ ಅದರ ಕಾಲುಭಾಗ ನೀರೇ ಕೋಡಿ ಬೀಳಲು ಸಾಕಾಗಬಹುದು. ಚಿಪ್‌ಗಳದ್ದೂ ಅದೇ ಕತೆ: ಒಬ್ಬರ ತುಂಬಿದ ಕೆರೆ ಇನ್ನೊಬ್ಬರಿಗೆ ಅರ್ಧ ಕೆರೆ.

ಒಂದು ವ್ಯತ್ಯಾಸವಿದೆ. ಚಿಪ್‌ಗೆ ಒಂದರ ಬದಲು ಎರಡು ಗೆರೆಗಳಿರುತ್ತವೆ. 5 ವೋಲ್ಟ್‌ನಲ್ಲಿ ನಡೆಯುವ ಎಟಿಮೆಗಾ328 ಚಿಪ್‌ನ ವಿವರ ಪುಸ್ತಿಕೆಯ ಪ್ರಕಾರ, 3 ವೋಲ್ಟ್‌ಗಿಂತ ಮೇಲಿದ್ದರೆ ಅದನ್ನು ಒಂದು ಎಂದು ಓದುವುದು ಖಚಿತ. 1.5 ವೋಲ್ಟ್‌ಗಿಂತ ಕೆಳಗಿದ್ದರೆ ಸೊನ್ನೆ ಎಂದು ಓದುವುದು ಖಚಿತ. ಇವೆರಡರ ನಡುವಿನ ಜಾಗದಲ್ಲಿ ಏನು ಬೇಕಾದರೂ ಆಗಬಹುದು, ಅದಕ್ಕೆ ತಯಾರಕರ ಹೊಣೆಯಿಲ್ಲ.

ಈಗ ಮೋಡೆಮ್‌ನ 2.8 ವೋಲ್ಟನ್ನು ಇಲ್ಲಿಗೆ ತಂದು ನೋಡಿ. ಅದು 3 ವೋಲ್ಟ್ ಗೆರೆಯ ಕೆಳಗೇ ನಿಂತಿತು! ಮೋಡೆಮ್ ‘ಒಂದು’ ಎಂದು ಹೇಳುತ್ತಿದೆ, ಎದುರಿನ ಚಿಪ್ ಅದನ್ನು ಹಾಗೆಯೇ ಕೇಳಿಸಿಕೊಳ್ಳುತ್ತದೆ ಎನ್ನುವ ಖಾತ್ರಿ ಇಲ್ಲ. 1.8 ವೋಲ್ಟ್ ಮೋಡೆಮ್ ಆದರಂತೂ ಅದರ ‘ಒಂದು’ ಈ ಯಾರದ್ದೂ ಅಲ್ಲದ ಜಾಗದ ಕೆಳಅಂಚಿನಲ್ಲಿ ಬಂದು ಬೀಳುತ್ತದೆ.

ನೇರವಾಗಿ ತಂತಿ ಎಳೆದರೆ ಏನಾಗುತ್ತದೆ?

ಇಲ್ಲೇ ಒಂದು ದೊಡ್ಡ ತಪ್ಪುಕಲ್ಪನೆ ಹುಟ್ಟುವುದು. ಎರಡನ್ನೂ ನೇರವಾಗಿ ಜೋಡಿಸಿ ನೋಡಿದರೆ ಅನೇಕ ಸಲ ಕೆಲಸ ಮಾಡಿಬಿಡುತ್ತದೆ. ಚಿಪ್ ನಿಜಕ್ಕೂ ಸೊನ್ನೆಯಿಂದ ಒಂದಕ್ಕೆ ಹೊರಳುವ ಜಾಗ ಸಾಮಾನ್ಯವಾಗಿ ಆ ಎರಡು ಗೆರೆಗಳ ನಡುವೆ ಎಲ್ಲೋ ಇರುತ್ತದೆ. ಅದು 2.4 ವೋಲ್ಟ್ ಆಸುಪಾಸಿನಲ್ಲಿದ್ದರೆ 2.8 ವೋಲ್ಟ್ ದಾಟಿಕೊಳ್ಳುತ್ತದೆ. ಆದರೆ ಉಳಿದ ಅಂತರ ಅರ್ಧ ವೋಲ್ಟ್‌ಗಿಂತ ಕಡಿಮೆ. ಮೇಜಿನ ಮೇಲೆ ಅಷ್ಟು ಸಾಕು. ತೋಟದ ಪಂಪ್‌ಹೌಸಿನಲ್ಲಿ ತಗಡಿನ ಸೂರಿನ ಕೆಳಗೆ ಬೇಸಿಗೆಯ ಬಿಸಿಲು, ಪಕ್ಕದಲ್ಲೇ ಮೋಟರ್ ಶುರುವಾಗುವಾಗ ಬೀಳುವ ಕಿಡಿ, ತಂತಿಗಳಲ್ಲಿ ಏಳುವ ವಿದ್ಯುತ್ ಗದ್ದಲ. ಅಲ್ಲಿ ಆ ಅಂತರ ಕರಗಿಹೋಗಬಹುದು. ಅಂಗಡಿಯಲ್ಲಿ ಸರಿಯಿದ್ದ ಪೆಟ್ಟಿಗೆ ತೋಟದಲ್ಲಿ ಮೊಂಡುಬೀಳಲು ಇದೊಂದು ಕಾರಣ.

ಎದುರು ದಿಕ್ಕಿನಲ್ಲಿ ತೊಂದರೆ ಬೇರೆ ರೀತಿಯದು. 2.8 ವೋಲ್ಟ್ ತಾಳುವ ಪಿನ್‌ಗೆ 5 ವೋಲ್ಟ್ ಹೋಗುತ್ತದೆ. ಸೀರಿಯಲ್ ತಂತಿಯಲ್ಲಿ ಮಾತುಕತೆ ಇಲ್ಲದ ಹೊತ್ತಿನಲ್ಲಿ ಇರುವ ಸ್ಥಿತಿ ‘ಒಂದು’. ಎಂದರೆ ದಿನದ ಬಹುಪಾಲು ಹೊತ್ತು ಆ ಪಿನ್ ಮೇಲೆ 5 ವೋಲ್ಟ್ ಕೂತೇ ಇರುತ್ತದೆ. ಹೆಚ್ಚಿನ ಚಿಪ್‌ಗಳಲ್ಲಿ ಪಿನ್‌ನಿಂದ ಒಳಗಿನ ವಿದ್ಯುತ್ ಮೂಲಕ್ಕೆ ಒಂದು ರಕ್ಷಣಾ ಡಯೋಡ್ ಇರುತ್ತದೆ. ಅದು ಇರುವುದು ಕ್ಷಣಮಾತ್ರದ ಸ್ಥಾಯೀ ವಿದ್ಯುತ್ ಆಘಾತವನ್ನು ತಪ್ಪಿಸಲು. ಇಲ್ಲಿ ಅದು ಸತತವಾಗಿ ಕರೆಂಟನ್ನು ಹೊರಬೇಕಾಗುತ್ತದೆ. ಅಂದೇ ಸುಡದಿರಬಹುದು, ಆಯಸ್ಸಂತೂ ಕಡಿಮೆಯಾಗುತ್ತದೆ.

ಇನ್ನೂ ಒಂದು ವಿಚಿತ್ರ ಇದೆ. ಮೋಡೆಮ್‌ನ ವಿದ್ಯುತ್ತನ್ನು ಪೂರ್ತಿ ಆರಿಸಿದರೂ, ಸೀರಿಯಲ್ ತಂತಿಯಿಂದ ಈ ಡಯೋಡ್ ಮೂಲಕ ಒಳಕ್ಕೆ ನುಸುಳಿದ ಕರೆಂಟ್ ಅದನ್ನು ಅರೆಜೀವವಾಗಿ ಇಟ್ಟಿರುತ್ತದೆ. ಆಫ್ ಮಾಡಿ ಆನ್ ಮಾಡಿದರೂ ಅದು ನಿಜವಾಗಿ ಆಫ್ ಆಗಿರುವುದೇ ಇಲ್ಲ, ಹಾಗಾಗಿ ಹೊಸದಾಗಿ ಶುರುವಾಗುವುದೂ ಇಲ್ಲ. ರಿಪೇರಿ ಮಾಡುವವರ ತಲೆ ತಿನ್ನುವ ದೋಷ ಇದು.

ಒಂದು ಟಿಸಿ ಹಾಕಿದರೆ ಆಗದೇ?

ಹನ್ನೊಂದು ಸಾವಿರ ವೋಲ್ಟ್‌ನ ಲೈನನ್ನು 415ಕ್ಕೆ ಇಳಿಸಲು ಹೊಲದ ಬದುವಿನಲ್ಲಿ ಟಿಸಿ ಇದೆ. ಅಂಥದ್ದೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಚಿಪ್‌ಗಳ ನಡುವೆ ಹಾಕಬಹುದಲ್ಲ ಎಂಬ ಪ್ರಶ್ನೆ ಸಹಜ.

ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಕರೆಂಟ್ ಸತತವಾಗಿ ಬದಲಾಗುತ್ತಿದ್ದರೆ ಮಾತ್ರ. ನಮ್ಮ ಲೈನಿನ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಗುತ್ತಿರುತ್ತದೆ, ಹಾಗಾಗಿ ಅಲ್ಲಿ ಟಿಸಿ ನಡೆಯುತ್ತದೆ. ಚಿಪ್‌ಗಳ ಮಾತು ಹಾಗಲ್ಲ. ಗಂಟೆಗಟ್ಟಲೆ ‘ಒಂದು’ ಎಂದೇ ನಿಂತಿರಬಹುದು. ಬದಲಾಗದ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ದಾಟಿಸುವುದಿಲ್ಲ. ಆದ್ದರಿಂದ ಬೇರೆ ದಾರಿ ಹುಡುಕಬೇಕು. (ಈ ಟಿಸಿಯನ್ನು ನೆನಪಿಟ್ಟುಕೊಂಡಿರಿ, ಅತಿ ವೇಗದ ಸಂವಹನದಲ್ಲಿ ಅದು ಮತ್ತೆ ಬರುತ್ತದೆ.)

ಎರಡು ರೆಸಿಸ್ಟರ್: ಅಗ್ಗ, ಆದರೆ ನಿಧಾನ

ವೋಲ್ಟೇಜ್ ಇಳಿಸಲು ಅತಿ ಸುಲಭದ ಉಪಾಯ ಎರಡು ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, ನಡುವಿನಿಂದ ಸಿಗ್ನಲ್ ತೆಗೆದುಕೊಳ್ಳುವುದು. ಮೇಲೆ 10 ಸಾವಿರ ಓಮ್, ಕೆಳಗೆ 20 ಸಾವಿರ ಓಮ್ ಹಾಕಿದರೆ 5 ವೋಲ್ಟ್ ಸುಮಾರು 3.3 ವೋಲ್ಟ್ ಆಗುತ್ತದೆ. ಖರ್ಚು ಒಂದೆರಡು ರೂಪಾಯಿ.

ತೊಂದರೆ ಎಲ್ಲಿದೆ? ಸಿಗ್ನಲ್ ಪಡೆಯುವ ಪಿನ್ ಮತ್ತು ಅಲ್ಲಿಯವರೆಗಿನ ತಂತಿ ಎರಡೂ ಸೇರಿ ಒಂದು ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತವೆ. ಅದನ್ನು ಒಂದು ಡ್ರಮ್ ಎಂದುಕೊಳ್ಳಿ. ರೆಸಿಸ್ಟರ್ ಎಂದರೆ ಆ ಡ್ರಮ್ ತುಂಬಿಸುವ ಪೈಪು. ಹೆಚ್ಚು ಓಮ್ ಎಂದರೆ ಸಣ್ಣ ಪೈಪು. ಹನಿ ನೀರಾವರಿಯ ಲ್ಯಾಟರಲ್ ಪೈಪಿನಿಂದ ಡ್ರಮ್ ತುಂಬಿಸಲು ಹೊರಟರೆ ಹೊತ್ತು ಹಿಡಿಯುತ್ತದೆ. ನೀರು ಗೆರೆ ಮುಟ್ಟುವ ಮೊದಲೇ ‘ಸಾಕು, ಖಾಲಿ ಮಾಡು’ ಎಂಬ ಆದೇಶ ಬಂದರೆ ಡ್ರಮ್ ತುಂಬುವುದೇ ಇಲ್ಲ.

ಲೆಕ್ಕ ಹಾಕೋಣ. ಡ್ರಮ್ಮಿನ ಗಾತ್ರ 15 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಮೇಲಿನ ಜೋಡಿಯಲ್ಲಿ ಸಿಗ್ನಲ್ ಕೆಳಗಿನಿಂದ ಮೇಲಕ್ಕೆ ಏರಲು ಸುಮಾರು 220 ನ್ಯಾನೋಸೆಕೆಂಡ್ ಬೇಕು. (ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಸೆಕೆಂಡ್.) ಮೊಬೈಲ್ ಸ್ಟಾರ್ಟರಿನಲ್ಲಿ ಮೋಡೆಮ್ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತನಾಡಿದರೆ ಒಂದೊಂದು ಬಿಟ್‌ಗೆ ಸಿಗುವ ಸಮಯ 1,04,000 ನ್ಯಾನೋಸೆಕೆಂಡ್. ಅದರಲ್ಲಿ 220 ಏನೇನೂ ಅಲ್ಲ. 1,15,200 ಬಿಟ್ ವೇಗಕ್ಕೆ ಹೋದರೂ ಬಿಟ್‌ಗೆ 8,680 ನ್ಯಾನೋಸೆಕೆಂಡ್ ಸಿಗುತ್ತದೆ, ಚಿಂತೆಯಿಲ್ಲ.

ಆದರೆ ಅದೇ ಎರಡು ರೆಸಿಸ್ಟರನ್ನು ಒಂದು ಚಿಕ್ಕ ಪರದೆಗೋ ಮೆಮೊರಿ ಚಿಪ್‌ಗೋ ಸೆಕೆಂಡಿಗೆ ಒಂದು ಕೋಟಿ ಬಿಟ್ ಕಳುಹಿಸುವಲ್ಲಿ ಹಾಕಿದರೆ? ಅಲ್ಲಿ ಒಂದು ಬಿಟ್‌ಗೆ ಸಿಗುವುದು 100 ನ್ಯಾನೋಸೆಕೆಂಡ್ ಮಾತ್ರ. ಏರಲು 220 ಬೇಕು! ಸಿಗ್ನಲ್ ಗೆರೆ ಮುಟ್ಟುವ ಮೊದಲೇ ಮುಂದಿನ ಬಿಟ್ ಬಂದುಬಿಡುತ್ತದೆ. ವೋಲ್ಟೇಜ್ ಲೆಕ್ಕ ಸರಿಯಿದ್ದರೂ ಮಾತು ಕೆಡುತ್ತದೆ.

ಹಾಗಾದರೆ ದೊಡ್ಡ ಪೈಪು ಹಾಕೋಣ, ಎಂದರೆ ಓಮ್ ಕಡಿಮೆ ಮಾಡೋಣ. 1 ಸಾವಿರ ಮತ್ತು 2 ಸಾವಿರ ಓಮ್ ಆದರೆ ಏರುವ ಸಮಯ 22 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಕೆಲಸ ಆಯಿತು, ಆದರೆ ಸಿಗ್ನಲ್ ‘ಒಂದು’ ಇರುವಷ್ಟೂ ಹೊತ್ತು ಪ್ರತಿ ತಂತಿಗೆ 1.7 ಮಿಲಿಆಂಪ್ ಕರೆಂಟ್ ಸುಮ್ಮನೆ ಹರಿದುಹೋಗುತ್ತದೆ. ಇನ್ನೂ ಹತ್ತು ಪಟ್ಟು ವೇಗ ಬೇಕೆಂದರೆ 17 ಮಿಲಿಆಂಪ್. ಅನೇಕ ಚಿಪ್‌ಗಳ ಪಿನ್‌ಗೆ ಅಷ್ಟು ಕೊಡುವ ಶಕ್ತಿಯೇ ಇರುವುದಿಲ್ಲ. ಎರಡು ರೆಸಿಸ್ಟರಿನ ಉಪಾಯ ಇಲ್ಲಿಗೆ ಮುಗಿಯಿತು. ಮೇಲಾಗಿ ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ.

ಏರಿಸಲು, ಎರಡೂ ಕಡೆ ದಾಟಿಸಲು

ಏರಿಸುವುದಕ್ಕೆ ಒಂದು ಸರಳ ದಾರಿ, 5 ವೋಲ್ಟ್‌ನಲ್ಲಿ ನಡೆದರೂ 2 ವೋಲ್ಟ್‌ಗೇ ‘ಒಂದು’ ಎಂದು ಒಪ್ಪುವ ಚಿಪ್ ಬಳಸುವುದು. 74ಎಚ್‌ಸಿಟಿ ಸರಣಿಯ ಚಿಪ್‌ಗಳು ಇಂಥವು. 2.8 ವೋಲ್ಟ್ ಒಳಗೆ ಹೋದರೆ ಪೂರ್ತಿ 5 ವೋಲ್ಟ್ ಹೊರಬರುತ್ತದೆ. ಆದರೆ 1.8 ವೋಲ್ಟ್ ಇದಕ್ಕೂ ಸಾಲದು.

ಒಂದೇ ತಂತಿಯಲ್ಲಿ ಎರಡೂ ಕಡೆಯ ಮಾತು ನಡೆಯುವ ಏರ್ಪಾಡುಗಳೂ ಇವೆ. ಫಿಲಿಪ್ಸ್ ಸಂಸ್ಥೆ 1982ರಲ್ಲಿ ರೂಪಿಸಿದ ಐ2ಸಿ ಅಂಥದ್ದು. ಸೆನ್ಸರುಗಳನ್ನು ಜೋಡಿಸಲು ಇಂದಿಗೂ ಅದೇ ಬಳಕೆಯಲ್ಲಿದೆ. ಇಂಥಲ್ಲಿ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್ ಮತ್ತು ಎರಡು ರೆಸಿಸ್ಟರ್ ಬಳಸುತ್ತಾರೆ. ಯಾವ ಕಡೆಯವರು ತಂತಿಯನ್ನು ಸೊನ್ನೆಗೆ ಎಳೆದರೂ ಮಾಸ್‌ಫೆಟ್ ತೆರೆದುಕೊಂಡು ಇನ್ನೊಂದು ಕಡೆಯೂ ಸೊನ್ನೆಯಾಗುತ್ತದೆ. ಬಿಟ್ಟಾಗ ಎರಡೂ ಕಡೆಯ ರೆಸಿಸ್ಟರ್‌ಗಳು ತಂತಿಯನ್ನು ತಮ್ಮ ತಮ್ಮ ವೋಲ್ಟೇಜಿಗೆ ಮೇಲೆತ್ತುತ್ತವೆ. ಬಹಳ ಜಾಣ ಉಪಾಯ! ಆದರೆ ಇಳಿಯುವುದು ಬೇಗ, ಏರುವುದು ನಿಧಾನ. 10 ಸಾವಿರ ಓಮ್ ರೆಸಿಸ್ಟರ್, 50 ಪಿಕೋಫ್ಯಾರಡ್ ತಂತಿ ಇದ್ದರೆ ಏರಲು ಒಂದು ಸಾವಿರ ನ್ಯಾನೋಸೆಕೆಂಡಿಗಿಂತ ಹೆಚ್ಚು ಬೇಕು. ಸೆಕೆಂಡಿಗೆ ಒಂದು ಲಕ್ಷ ಬಿಟ್ ವೇಗಕ್ಕೆ ಸಾಕು, ಒಂದು ಕೋಟಿಗೆ ಸಾಲದು.

ಇಲ್ಲೊಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಲೆವೆಲ್ ಶಿಫ್ಟರ್ ಫಲಕಗಳಲ್ಲಿ ಹೆಚ್ಚಾಗಿ ಇರುವುದು ಬಿಎಸ್‌ಎಸ್138 ಎಂಬ ಮಾಸ್‌ಫೆಟ್. ಅದು ತೆರೆದುಕೊಳ್ಳಲು ಕೆಲವು ಸಲ 1.5 ವೋಲ್ಟ್‌ವರೆಗೂ ಬೇಕಾಗುತ್ತದೆ. 2.8 ವೋಲ್ಟ್‌ನ 2ಜಿ ಮೋಡೆಮ್ ಜೊತೆ ಅದು ಆರಾಮಾಗಿ ನಡೆಯುತ್ತದೆ. ಜಿಯೊ ಜಾಲದಲ್ಲಿ 2ಜಿ ಇಲ್ಲವೆಂದು ಹಳೆಯ ಮೋಡೆಮ್ ತೆಗೆದು 1.8 ವೋಲ್ಟ್‌ನ 4ಜಿ ಮೋಡೆಮ್ ಕೂರಿಸಿ, ಅದೇ ಫಲಕವನ್ನು ಉಳಿಸಿಕೊಂಡರೆ ಅದು ತೆರೆಯಲು ಉಳಿಯುವ ಅಂತರ ಬಹಳ ಕಡಿಮೆ. ಕೆಲವು ಪೆಟ್ಟಿಗೆಗಳು ನಡೆಯುತ್ತವೆ, ಕೆಲವು ಕೈಕೊಡುತ್ತವೆ.

ಈ ಕೆಲಸಕ್ಕೆಂದೇ ಹುಟ್ಟಿದ ಚಿಪ್‌ಗಳು

ವೇಗ ಹೆಚ್ಚಾದಂತೆ ರೆಸಿಸ್ಟರ್ ಪೈಪುಗಳನ್ನು ಬಿಟ್ಟು, ಎರಡೂ ಕಡೆ ಟ್ರಾನ್ಸಿಸ್ಟರಿನಿಂದಲೇ ಬಲವಾಗಿ ತಳ್ಳುವ, ಎಳೆಯುವ ಅನುವಾದಕ ಚಿಪ್‌ಗಳು ಬೇಕಾಗುತ್ತವೆ. ಇವುಗಳಿಗೆ ಎರಡು ವಿದ್ಯುತ್ ಪಿನ್‌ಗಳಿರುತ್ತವೆ, ಒಂದು ಈ ಕಡೆಯ ವೋಲ್ಟೇಜಿಗೆ, ಇನ್ನೊಂದು ಆ ಕಡೆಯದಕ್ಕೆ. ಇಂಥ ಚಿಪ್‌ಗಳನ್ನು ತಯಾರಿಸುವ ಕಂಪನಿಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಂದು. 1985ರಲ್ಲೇ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೇಂದ್ರ ತೆರೆದ ಕಂಪನಿ ಅದು.

ಅದರ 74ಎಲ್‌ವಿಸಿ1ಟಿ45 ಚಿಪ್‌ನ ವಿವರ ಪುಸ್ತಿಕೆಯಲ್ಲಿ ಒಂದು ಸ್ವಾರಸ್ಯದ ಪಟ್ಟಿ ಇದೆ. 3.3ರಿಂದ 5 ವೋಲ್ಟ್‌ಗೆ ದಾಟಿಸುವಾಗ ಸೆಕೆಂಡಿಗೆ 420 ಮೆಗಾಬಿಟ್ ಸಾಧ್ಯ. ಅದೇ ಚಿಪ್ 1.8 ವೋಲ್ಟ್‌ಗೆ ದಾಟಿಸುವಾಗ 75 ಮೆಗಾಬಿಟ್ ಮಾತ್ರ. ಕಡಿಮೆ ವೋಲ್ಟೇಜಿನಲ್ಲಿ ಅದರ ಟ್ರಾನ್ಸಿಸ್ಟರುಗಳಿಗೆ ತಳ್ಳುವ ಬಲವೂ ಕಡಿಮೆ. ಆದ್ದರಿಂದ ಪೊಟ್ಟಣದ ಮೇಲಿನ ದೊಡ್ಡ ಅಂಕಿ ನೋಡಿ ಕೊಂಡರೆ ಸಾಲದು, ನಮ್ಮ ಎರಡು ವೋಲ್ಟೇಜುಗಳ ನಡುವೆ ಅದರ ವೇಗ ಎಷ್ಟು ಎಂದು ನೋಡಬೇಕು.

ಈ ಚಿಪ್‌ಗೆ ಮಾತು ಯಾವ ಕಡೆಯಿಂದ ಯಾವ ಕಡೆಗೆ ಎಂದು ಒಂದು ಪಿನ್ ಮೂಲಕ ಹೇಳಬೇಕು. ದಿಕ್ಕನ್ನು ತಾವೇ ಊಹಿಸುವ ಚಿಪ್‌ಗಳೂ ಇವೆ. ಟಿಎಕ್ಸ್‌ಬಿ ಸರಣಿಯವು ತಂತಿಯಲ್ಲಿ ಬದಲಾವಣೆ ಕಂಡ ಕೂಡಲೇ ಒಂದು ಕ್ಷಣ ಬಲವಾಗಿ ತಳ್ಳಿ, ನಂತರ ಹಗುರವಾಗಿ ಹಿಡಿದುಕೊಳ್ಳುತ್ತವೆ. ಅನುಕೂಲವೇ ಸರಿ, ಆದರೆ ಆ ಹಗುರ ಹಿಡಿತವೇ ಅವುಗಳ ದೌರ್ಬಲ್ಯ. ಐ2ಸಿ ತಂತಿಯಲ್ಲಿರುವ ರೆಸಿಸ್ಟರ್ ಆ ಹಿಡಿತವನ್ನು ಬಿಡಿಸಿಬಿಡಬಹುದು. ಆ ಕೆಲಸಕ್ಕೆ ಟಿಎಕ್ಸ್‌ಎಸ್ ಎಂಬ ಬೇರೆಯೇ ಸರಣಿ ಇದೆ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಕೆಲಸ ಬೇರೆ.

ವೇಗ ಇನ್ನೂ ಹೆಚ್ಚಾದರೆ?

ಇಲ್ಲಿಂದ ಮುಂದೆ ಕತೆ ತಿರುಗುತ್ತದೆ. ವೇಗ ಬೇಕಾದವರು ವೋಲ್ಟೇಜನ್ನು ಏರಿಸುವುದಿಲ್ಲ, ಇಳಿಸುತ್ತಾರೆ!

ನಿಮ್ಮ ಫೋನಿನ ಮೆಮೊರಿ ಕಾರ್ಡನ್ನೇ ನೋಡಿ. ಯುಎಚ್‌ಎಸ್-1 ಬಗೆಯ ಕಾರ್ಡ್ ಮೊದಲು 3.3 ವೋಲ್ಟ್‌ನಲ್ಲಿ ಮಾತು ಶುರು ಮಾಡುತ್ತದೆ. ಎರಡೂ ಕಡೆಯವರು ಒಪ್ಪಿದ ಮೇಲೆ ಸಿಗ್ನಲ್ ತಂತಿಗಳು 1.8 ವೋಲ್ಟ್‌ಗೆ ಇಳಿಯುತ್ತವೆ. ಆಮೇಲಷ್ಟೇ ಅತಿ ಹೆಚ್ಚಿನ ವೇಗ, ಎಂದರೆ ಸೆಕೆಂಡಿಗೆ 104 ಮೆಗಾಬೈಟ್ ಸಾಧ್ಯ. ಡ್ರಮ್ಮನ್ನು ಪೂರ್ತಿ ತುಂಬಿಸುವ ಬದಲು ಅರ್ಧ ತುಂಬಿಸಿದರೆ ಸಾಕು ಎಂದಾಗ ಬೇಗ ತುಂಬುತ್ತದೆ, ನೀರೂ ಉಳಿಯುತ್ತದೆ.

ಹಾಗೆ ಇಳಿಸುತ್ತಾ ಹೋದರೆ ಗದ್ದಲವನ್ನು ಮೀರುವುದು ಹೇಗೆ? ಅದಕ್ಕೆ ಉತ್ತರ ಒಂದು ತಂತಿಯ ಬದಲು ಎರಡು ತಂತಿ. ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಪಡೆಯುವವನು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗದ್ದಲ ಎರಡೂ ತಂತಿಗಳನ್ನು ಒಂದೇ ರೀತಿ ತಟ್ಟುವುದರಿಂದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಲ್ಯಾಪ್‌ಟಾಪ್ ಪರದೆಗಳಿಗೆ ಚಿತ್ರ ಸಾಗಿಸುವುದರಲ್ಲಿ ಹೆಸರಾದ ಎಲ್‌ವಿಡಿಎಸ್ ವಿಧಾನದಲ್ಲಿ 3.5 ಮಿಲಿಆಂಪ್ ಕರೆಂಟ್ 100 ಓಮ್ ಮೂಲಕ ಹರಿದು ಉಂಟಾಗುವ ವ್ಯತ್ಯಾಸ 0.35 ವೋಲ್ಟ್ ಅಷ್ಟೇ. ಎರಡು ಕಡೆಯ ನೆಲಮಟ್ಟ ಒಂದು ವೋಲ್ಟ್‌ನಷ್ಟು ಹೆಚ್ಚುಕಡಿಮೆ ಇದ್ದರೂ ಅದು ನಡೆಯುತ್ತದೆ. ಕೊಳವೆಬಾವಿಯಿಂದ ದೂರದ ಮನೆಗೆ ಸೆನ್ಸರ್ ತಂತಿ ಎಳೆಯುವಾಗ ಬಳಸುವ ಆರ್‌ಎಸ್-485ರ ಹಿಂದಿರುವುದೂ ಇದೇ ತತ್ವ, ಅಲ್ಲಿ ವೇಗ ಕಡಿಮೆ, ದೂರ ಹೆಚ್ಚು.

ಕಂಪ್ಯೂಟರಿನೊಳಗಿನ ಪಿಸಿಐ ಎಕ್ಸ್‌ಪ್ರೆಸ್, ಯುಎಸ್‌ಬಿ 3ರಂಥ ಏರ್ಪಾಡುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ಆವೃತ್ತಿಯಲ್ಲೇ ಒಂದು ಬಿಟ್‌ಗೆ ಸಿಗುವ ಸಮಯ 0.4 ನ್ಯಾನೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕೇ 12 ಸೆಂಟಿಮೀಟರ್ ದೂರ ಹೋಗುತ್ತದೆ. ನಾವು ಮೇಲೆ ನೋಡಿದ ಅನುವಾದಕ ಚಿಪ್‌ಗಳಿಗೆ ಇಲ್ಲಿ ಜಾಗವಿಲ್ಲ. ಬದಲಿಗೆ ತಂತಿಯ ನಡುವೆ ಒಂದೊಂದು ಪುಟ್ಟ ಕೆಪಾಸಿಟರ್ ಕೂರಿಸುತ್ತಾರೆ. ಕೆಪಾಸಿಟರ್ ನಿಂತ ವೋಲ್ಟೇಜನ್ನು ತಡೆದು ಬದಲಾವಣೆಯನ್ನು ಮಾತ್ರ ದಾಟಿಸುತ್ತದೆ. ಹೀಗಾಗಿ ಆ ಕಡೆಯ ಚಿಪ್‌ನ ವೋಲ್ಟೇಜ್ ಮಟ್ಟ ಯಾವುದೇ ಇರಲಿ, ಈ ಕಡೆಯವನು ತನಗೆ ಬೇಕಾದ ಮಟ್ಟದ ಮೇಲೆ ಆ ಏರಿಳಿತವನ್ನು ಕೂರಿಸಿಕೊಳ್ಳಬಹುದು.

ಆದರೆ ಬಿಟ್‌ಗಳು ಒಂದು, ಒಂದು, ಒಂದು ಎಂದೇ ಸಾಗಿದರೆ ಬದಲಾವಣೆಯೇ ಇರುವುದಿಲ್ಲವಲ್ಲ? ಅದಕ್ಕೆ ಕಳುಹಿಸುವ ಮೊದಲೇ ಬಿಟ್‌ಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತಾರೆ. ಐಬಿಎಂ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ ಪ್ರತಿ 8 ಬಿಟ್‌ಗಳ ಬದಲು ಆಯ್ದ 10 ಬಿಟ್‌ಗಳನ್ನು ಕಳುಹಿಸುತ್ತಾರೆ. ಸೊನ್ನೆಗಳೂ ಒಂದುಗಳೂ ಒಟ್ಟಾರೆ ಸಮವಾಗಿರುವಂತೆ, ಒಂದೇ ಬಿಟ್ ಐದಕ್ಕಿಂತ ಹೆಚ್ಚು ಸಲ ಸತತವಾಗಿ ಬಾರದಂತೆ ಆ ಆಯ್ಕೆ ಇರುತ್ತದೆ. ಐದರಲ್ಲಿ ಒಂದು ಪಾಲು ಸಮಯ ಇದಕ್ಕೇ ಹೋಗುತ್ತದೆ, ಆದರೂ ಲಾಭವೇ.

ಮಾತು ಸದಾ ಬದಲಾಗುತ್ತಿರುವಂತೆ ಮಾಡಿದ ಮೇಲೆ ಟಿಸಿಯೂ ನಡೆಯುತ್ತದೆ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ರೌಟರಿನ ಲ್ಯಾನ್ ಕಿಂಡಿಯ ಹಿಂದೆ ಬೆರಳ ತುದಿಗಿಂತ ಚಿಕ್ಕದಾದ ಟ್ರಾನ್ಸ್‌ಫಾರ್ಮರ್‌ಗಳಿವೆ. ಎರಡು ಉಪಕರಣಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದೆ ಅವು ಸಿಗ್ನಲನ್ನು ದಾಟಿಸುತ್ತವೆ. ನಿಧಾನದ ಸಂವಹನದಲ್ಲಿ ಕೆಲಸಕ್ಕೆ ಬಾರದ ಉಪಾಯ ವೇಗದ ಸಂವಹನದಲ್ಲಿ ಸರಿಹೊಂದಿತು!

ಮೂರು ತಪ್ಪುಕಲ್ಪನೆಗಳು

‘ವೋಲ್ಟೇಜ್ ಹೆಚ್ಚಿದ್ದರೆ ಸಿಗ್ನಲ್ ವೇಗವಾಗಿ ಹೋಗುತ್ತದೆ.’ ಸರಿಯಲ್ಲ. ತಂತಿಯಲ್ಲಿ ಸಿಗ್ನಲ್ ಸಾಗುವ ವೇಗಕ್ಕೂ ವೋಲ್ಟೇಜಿಗೂ ಸಂಬಂಧವಿಲ್ಲ. ಬಿಟ್‌ಗಳನ್ನು ಬೇಗ ಬೇಗ ಕಳುಹಿಸಲು ಏರಿಳಿತ ಚಿಕ್ಕದಿದ್ದಷ್ಟೂ ಅನುಕೂಲ.

‘ಕೆಲಸ ಮಾಡುತ್ತಿದೆ ಎಂದರೆ ಜೋಡಣೆ ಸರಿಯಿದೆ.’ ಇದೂ ಸರಿಯಲ್ಲ. ಗೆರೆಯ ಅಂಚಿನಲ್ಲಿ ನಿಂತ ಜೋಡಣೆ ಮೇಜಿನ ಮೇಲೆ ಗೆದ್ದು ತೋಟದಲ್ಲಿ ಸೋಲಬಹುದು.

‘ಲೆವೆಲ್ ಶಿಫ್ಟರ್ ಯಾವುದಾದರೂ ಆದೀತು.’ ಆಗುವುದಿಲ್ಲ. ಎರಡು ಕಡೆಯ ವೋಲ್ಟೇಜ್, ವೇಗ, ದಿಕ್ಕು ಈ ಮೂರನ್ನೂ ಕೇಳದೆ ಆರಿಸಿದ ಶಿಫ್ಟರ್ ಹೊಸ ದೋಷವನ್ನೇ ತರಬಹುದು.

ಕೈಗೆತ್ತಿಕೊಳ್ಳುವ ಮೊದಲು

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಸ್ಟಾರ್ಟರ್ ರಿಪೇರಿ ಮಾಡುವವರು ಇಷ್ಟನ್ನು ಪರೀಕ್ಷಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮೋಡೆಮ್‌ಗೆ ಕೊಡುವ ವಿದ್ಯುತ್ತಿನ ವೋಲ್ಟೇಜ್ ಬೇರೆ, ಅದರ ಸೀರಿಯಲ್ ಪಿನ್‌ಗಳ ವೋಲ್ಟೇಜ್ ಬೇರೆ. ಸಿಮ್800ಕ್ಕೆ ಸುಮಾರು 4 ವೋಲ್ಟ್ ಕೊಡುತ್ತೇವೆ, ಪಿನ್‌ಗಳದ್ದು 2.8 ಮಾತ್ರ. ಇವೆರಡನ್ನು ಬೆರೆಸಬೇಡಿ. ಎರಡು ಚಿಪ್‌ಗಳ ನೆಲದ ತಂತಿ ಒಂದೇ ಕಡೆ ಸೇರಿರಲಿ, ಇಲ್ಲದಿದ್ದರೆ ಯಾವ ಗೆರೆಗೂ ಅರ್ಥವಿಲ್ಲ. ಮೋಡೆಮ್ ಬದಲಿಸಿದಾಗ ಶಿಫ್ಟರ್ ಕೂಡ ಹೊಸ ವೋಲ್ಟೇಜಿಗೆ ಹೊಂದುತ್ತದೆಯೇ ನೋಡಿ. ಒಂದು ಕಡೆಯ ವಿದ್ಯುತ್ ಆರಿಸಿದಾಗ ಇನ್ನೊಂದು ಕಡೆಯಿಂದ ಕರೆಂಟ್ ನುಸುಳದಂತೆ ತಡೆಯುವ ಅನುವಾದಕ ಚಿಪ್ ಇದ್ದರೆ ಇನ್ನೂ ಒಳ್ಳೆಯದು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ 415 ವೋಲ್ಟ್ ಇರುವುದರಿಂದ ಮೇನ್ ಸ್ವಿಚ್ ಆರಿಸದೆ ಒಳಗೆ ಕೈಹಾಕಲೇಬೇಡಿ.

ರೈತರು ಇಷ್ಟೆಲ್ಲ ತಿಳಿಯಬೇಕಾಗಿಲ್ಲ. ಮೋಡೆಮ್ ಬದಲಿಸಿಕೊಡುವಾಗ ‘ಇದರ ವೋಲ್ಟೇಜಿಗೆ ಒಳಗಿನ ಬೋರ್ಡ್ ಹೊಂದುತ್ತದೆಯೇ?’ ಎಂದು ಒಂದು ಪ್ರಶ್ನೆ ಕೇಳಿ. ಉತ್ತರ ಗೊತ್ತಿರುವವರ ಕೈಯಲ್ಲಿ ಪೆಟ್ಟಿಗೆ ಕೊಟ್ಟರೆ, ಕತ್ತಲಲ್ಲಿ ತೋಟಕ್ಕೆ ನಡೆಯುವ ರಾತ್ರಿಗಳು ಕಡಿಮೆಯಾದಾವು.